ಯಾರ ಅಜ್ಜನಿಗೂ ತಾಗದ ಹೆಸರು

“ಬ್ರೂನೋನಾ? ಅದ್ ನಮ್ಮನಿ ನಾಯಿ ಹೆಸ್ರಲ್ದಾ ಮಾರಾಯ್ತಿ!”

ಇಷ್ಟು ಹೇಳಿ ನಾನು ನಕ್ಕೆ. ಸಣ್ಣ ನಗುವಲ್ಲ. ಕೈಯಲ್ಲಿದ್ದ ಟಯರ್ ಬಿಚ್ಚುವ ಲಿವರ್ ಜಾರಿ ಕಾಲಿನ ಹತ್ತಿರ ಬಿತ್ತು, ಅಷ್ಟು ನಕ್ಕೆ. ನನ್ನದು ಪಂಚರ್ ಅಂಗಡಿ, ಕುಂದಾಪುರ ದಾಟಿ ಹೈವೇ ಪಕ್ಕದಲ್ಲಿ. ಕೈಯೆಲ್ಲ ಗ್ರೀಸ್ ಆಗಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಕಂಪ್ರೆಸರಿನ ಮೇಲೆ ಇಟ್ಟಿದ್ದೆ. ಟಯರ್ ಬಿಚ್ಚಿಸಲು ಬಂದಿದ್ದ ಮೀನು ಲಾರಿಯ ಡ್ರೈವರನಿಗೂ ಎಲ್ಲ ಕೇಳಿಸುತ್ತಿತ್ತು.

“ನಮ್ಮನಿಯಂಗೂ ಇತ್ತ್ ಒಂದ್ ಬ್ರೂನೋ. ಪೋಸ್ಟಿನವ್ರನ್ನ್ ಕಂಡ್ರೆ ಬಿಡುದಿಲ್ಲ ಅದ್” ಎಂದ ಅವನು.

“ಕೇಂಡ್ಯಾ ಅಕ್ಕ? ನಾಳೆ ನೀ ಊರಿಗ್ ಬಂದ್ ಮಗಿನ ಹೆಸ್ರ್ ಹಿಡ್ದ್ ಕರದ್ರೆ ಕೋಡಿ ಊರಿನ ಅರ್ಧ ನಾಯಿ ನಮ್ಮ ಅಂಗಳಕ್ ಬತ್ತೊ” ಎಂದೆ ನಾನು. ಡ್ರೈವರ್ ಮತ್ತೆ ನಕ್ಕ. ಪಕ್ಕದ ಚಾ ಅಂಗಡಿಯವರು ಏನು ಏನು ಎಂದು ಇಣುಕಿದರು. ಅವರಿಗೂ ಹೇಳಿದೆ. ಅವರೂ ನಕ್ಕರು.

ಫೋನಿನಲ್ಲಿ ಅಕ್ಕ “ಆಯ್ತ್. ಕಡಿಕೆ ಮಾತಾಡ್ತೆ” ಎಂದು ಇಟ್ಟುಬಿಟ್ಟಳು. ಏನೋ ಕೆಲಸ ಬಂದಿರಬೇಕು ಎಂದುಕೊಂಡು ನಾನು ಟಯರ್ ಬಿಚ್ಚಿದೆ.

ನನ್ನ ಅಕ್ಕನ ಹೆಸರು ಜ್ಯೋತಿ. ಬ್ರಹ್ಮಾವರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಡ್ಯೂಟಿ ಮುಗಿಸಿ ಜರ್ಮನ್ ಭಾಷೆ ಕಲಿಯಲು ಹೋಗುತ್ತಿದ್ದಳು. ಮನೆಗೆ ಬಂದು ಮೀನು ಕೊಯ್ಯುತ್ತ ಅದನ್ನೇ ಬಾಯಿಪಾಠ ಮಾಡುತ್ತಿದ್ದಳು. ಪಾಸಾಗಿ ಜರ್ಮನಿಗೆ ಹೋದಳು. ಅಲ್ಲಿ ಸ್ಟೆಫಾನ್ ಎಂಬವರನ್ನು ಮದುವೆಯಾದಳು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ಇದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಶಾಲೆಗೆ ಹೋಗು ಎಂದರೆ ನಾನು ದೋಣಿಯ ಅಡಿಯಲ್ಲಿ ಅಡಗಿ ಮಲಗುತ್ತಿದ್ದೆ.

ಆ ದಿನ ಫೋನ್ ಮಾಡಿದಾಗ ಅಕ್ಕನಿಗೆ ಏಳು ತಿಂಗಳು. ಗಂಡು ಎಂದು ಗೊತ್ತಾಗಿತ್ತು. ಅಲ್ಲಿ ಡಾಕ್ಟರೇ ಹೇಳುತ್ತಾರಂತೆ. ಹೆಸರು ಆರಿಸಬೇಕಿತ್ತು. ಜರ್ಮನ್ ಹೆಸರೇ ಆಗಬೇಕು, ಏಕೆಂದರೆ ಮಗು ಬೆಳೆಯುವುದು ಅಲ್ಲಿ. ಇಂಗ್ಲಿಷಿನಲ್ಲೂ ಸರಿ ಕೇಳಬೇಕು, ಏಕೆಂದರೆ ಭಾವನ ತಂಗಿ ಇರುವುದು ಇಂಗ್ಲೆಂಡಿನಲ್ಲಿ, ಅಕ್ಕ ಭಾವ ಮನೆಯಲ್ಲಿ ಮಾತಾಡುವುದೂ ಅರ್ಧ ಇಂಗ್ಲಿಷ್. ಇದರ ಮೇಲೆ ಕೋಡಿಯಲ್ಲಿ ಕೂತ ನಮ್ಮ ಅಮ್ಮನ ಬಾಯಲ್ಲೂ ಬರಬೇಕು. ಅಮ್ಮ ಒಂದೇ ಮಾತು ಹೇಳಿದ್ದಳು: “ನಂಗೆಂತ ಗೊತ್ತ್? ಮಗಿನ ಹೆಸ್ರ್ ಸೋದರಮಾವನ್ ಹತ್ರ ಕೇಣ್ಕ್.” ನಮ್ಮ ಮನೆಯಲ್ಲಿ ಹಾಗೇ. ಮಾವ ಹೂಂ ಅನ್ನದೆ ಮಗುವಿಗೆ ಹೆಸರಿಲ್ಲ. ಮಾವ ಎಂದರೆ ನಾನು.

ಜರ್ಮನ್ ಒಂದಕ್ಷರ ಬಾರದವನು ಜರ್ಮನ್ ಹೆಸರು ಆರಿಸಲು ಕೂತೆ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಜೀವನದಲ್ಲಿ ಮೊದಲ ಸಲ ಅಕ್ಕ ನನ್ನ ಹತ್ತಿರ ಓದಿನ ವಿಷಯ ಕೇಳಿದ್ದಳು. ಬಿಡಲು ಮನಸ್ಸು ಬರಲಿಲ್ಲ.

ಅಕ್ಕ ಒಂದೊಂದೇ ಹೆಸರು ಓದಿದಳು. ವೋಲ್ಫ್‌ಗಾಂಗ್ ಎಂಬುದನ್ನು ಅಮ್ಮ ಮೊದಲೇ ಹೊಡೆದುಹಾಕಿದ್ದಳಂತೆ. “ಅದ್ ಹೆಸ್ರಾ ಕೆಮ್ಮಾ?” ಎಂದು ಕೇಳಿದ್ದಳಂತೆ. ಯುರ್ಗೆನ್ ಎಂಬುದನ್ನು ಇಂಗ್ಲಿಷಿನವರು ಕುಲಗೆಡಿಸುತ್ತಾರೆ ಎಂದು ಅಕ್ಕನೇ ಬಿಟ್ಟಳು. ಫೆಲಿಕ್ಸ್ ಎಂದಾಗ ನಾನು “ಮಿಕ್ಸಿ ಕಂಪೆನಿ ಹೆಸ್ರಿದ್ದಂಗಿತ್ತ್” ಎಂದೆ. ಮಾರ್ಟಿನ್ ಎಂದಾಗ “ಅಡ್ಡಿಲ್ಲ, ಅದೊಂದ್ ಬದಿಗಿಡ್” ಎಂದೆ. ದೊಡ್ಡ ಮನುಷ್ಯನ ಹಾಗೆ. ಕೊನೆಯದನ್ನು ಅಕ್ಕ ಬೇರೆ ದನಿಯಲ್ಲಿ ಹೇಳಿದಳು. ಸ್ವಲ್ಪ ನಿಧಾನ. ಅದು ನನಗೆ ಆಮೇಲೆ ಹೊಳೆದದ್ದು. ಆಗ ಹೊಳೆದದ್ದು ನಾಯಿ ಮಾತ್ರ.

ನೀವು ನಮ್ಮ ಕಡೆಯವರಾದರೆ ನನ್ನನ್ನು ಅಷ್ಟು ಬೈಯಲಾರಿರಿ. ಬೈಂದೂರಿನಿಂದ ಬ್ರಹ್ಮಾವರದ ತನಕ ಯಾವ ಮನೆಯ ಗೇಟಿನ ಹತ್ತಿರ ಬೇಕಾದರೂ ನಿಂತು ಬ್ರೂನೋ ಎಂದು ಕರೆಯಿರಿ. ಒಂದು ನಾಯಿ ಬಾಲ ಆಡಿಸಿಕೊಂಡು ಬರದಿದ್ದರೆ ಕೇಳಿ. ಬ್ರೂನೋ ಇಲ್ಲದಿದ್ದರೆ ಟಾಮಿ, ಟಾಮಿ ಇಲ್ಲದಿದ್ದರೆ ಮ್ಯಾಕ್ಸ್. ಒಳಗಿರುವ ಮನುಷ್ಯರೆಲ್ಲ ದೇವರ ಹೆಸರಿನವರು. ಹೊರಗೆ ಸರಪಳಿಯಲ್ಲಿರುವುದು ಮಾತ್ರ ಬಿಳಿಯರ ಹೆಸರಿನದು. ಇದು ಹೇಗೆ ಬಂತು ಎಂದು ಬೇರೆ ಊರಿನದು ನನಗೆ ಗೊತ್ತಿಲ್ಲ. ನಮ್ಮ ಓಣಿಯದು ಗೊತ್ತುಂಟು. ಅದಕ್ಕೆ ನಾನೇ ಕಾರಣ.

ನನ್ನ ಹೆಸರು ಶೀನ. ನನ್ನದಲ್ಲ, ಅಜ್ಜನದು. ನಾನು ಹುಟ್ಟುವ ಮೊದಲೇ ಅಜ್ಜ ತೀರಿಹೋಗಿದ್ದರು, ಅವರ ಹೆಸರು ನನಗೆ ಬಂತು. ಆದರೆ ಅಜ್ಜಿ ಗಂಡನ ಹೆಸರು ಹೇಳುವವಳಲ್ಲ. ಹೇಳಿದರೆ ನಾಲಗೆ ಸೀಳುತ್ತದೆ ಎಂದು ನಂಬಿದವಳು. ಹಾಗಾಗಿ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ‘ಅವ್ರ್’ ಎನ್ನುತ್ತಿದ್ದಳು. ನನಗೆ ಮೂರು ವರ್ಷ. “ಅವ್ರ್ ಗಂಜಿ ಉಂಡ್ರಾ?” “ಅವ್ರಿಗ್ ಮೂಗ್ ಒರ್ಸ್.” “ಅವ್ರ್ ಇವತ್ತೂ ಚಡ್ಡಿ ಒದ್ದಿ ಮಾಡ್ಕಂಡ್ರ್ ಕಾಣ್.” ಮನೆಗೆ ಹೊಸದಾಗಿ ಬಂದವರು ಯಾರೋ ಹಿರಿಯರಿಗೆ ಹುಷಾರಿಲ್ಲ ಎಂದುಕೊಳ್ಳುತ್ತಿದ್ದರು.

ಇದರಿಂದ ನನಗೆ ಬಹಳ ಲಾಭ ಆಯಿತು. ನಾನು ಏನು ಮಾಡಿದರೂ ಅಜ್ಜಿಯ ಕೈ ಮೇಲೆ ಏಳುತ್ತಿರಲಿಲ್ಲ. ಒಣಗಲು ಹಾಕಿದ ಸಿಗಡಿಯ ಮೇಲೆ ಸೈಕಲ್ ಬಿಟ್ಟರೂ “ಅವ್ರ ಕಣ್ಣಿಗ್ ಕಾಂಬುದಿಲ್ಲ, ಪಾಪ” ಎಂದು ಸುಮ್ಮನಾಗುತ್ತಿದ್ದಳು. ಅಕ್ಕ ಸಿಗಡಿ ಮುಟ್ಟಿದರೆ ಮಾತ್ರ ಅವಳ ಬೆನ್ನಿಗೆ ಬೀಳುತ್ತಿತ್ತು.

ಆಗ ಪಕ್ಕದ ಮನೆಯ ಗಿರಿಜಕ್ಕ ಒಂದು ನಾಯಿಮರಿ ತಂದರು. ಕಪ್ಪಗೆ, ದಪ್ಪಗೆ ಇತ್ತು. ಅದಕ್ಕೆ ಶೀನ ಎಂದು ಹೆಸರಿಟ್ಟರು. ನಮ್ಮ ಮೇಲೆ ಕೋಪ ಇರಲಿಲ್ಲ. ಬಾಯಿಗೆ ಬಂದದ್ದು ಇಟ್ಟರು, ಅಷ್ಟೇ. ಬೆಳಿಗ್ಗೆ ಎದ್ದರೆ “ಹಡಿ ಶೀನ, ಕಸದ್ ಬಾಯಿ ಹಾಕ್ತ್ಯಾ?” ಎಂದು ಬೈದು ಕಿರುಚುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಎರಡು ದಿನ ಅಜ್ಜಿ ತಡೆದುಕೊಂಡಳು. ಮೂರನೇ ದಿನ ನನ್ನ ಕೈ ಹಿಡಿದುಕೊಂಡು ಬೇಲಿ ದಾಟಿದಳು.

“ಗಿರಿಜ, ನಿನ್ ನಾಯಿಗ್ ಆ ಹೆಸ್ರ್ ಎಂತಕೆ ಇಟ್ಟದ್?”

“ಯಾವ್ ಹೆಸ್ರ್ ಅಮ್ಮ?”

“ಅದೇ. ನೀ ಕರೂದ್.”

“ನಾ ಎಂತ ಕರೂದ್? ಹೇಳಿ ಕಾಂಬ.” ಗಿರಿಜಕ್ಕನಿಗೆ ಅರ್ಥ ಆಗಿತ್ತು. ಬೇಕೆಂದೇ ಆಡಿಸಿದರು.

ಅಜ್ಜಿಯ ಬಾಯಿ ತೆರೆಯಿತು, ಮುಚ್ಚಿತು. ಹೇಳುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಕಡೆಗೆ ನನ್ನನ್ನು ಮುಂದಕ್ಕೆ ದೂಡಿ, ನನ್ನ ತಲೆಯ ಮೇಲೆ ಬೆರಳಿಟ್ಟು, “ಇವ್ರ್ ಹೆಸ್ರ್!” ಎಂದಳು. ಹೇಳಿ ಅತ್ತುಬಿಟ್ಟಳು. ಗಿರಿಜಕ್ಕನ ನಗು ನಿಂತುಹೋಯಿತು. ಅವರು ಬಂದು ಅಜ್ಜಿಯ ಕೈ ಹಿಡಿದು “ತಪ್ಪಾಯ್ತ್ ಅಮ್ಮ” ಎಂದರು. ಸಂಜೆಯೊಳಗೆ ಆ ನಾಯಿ ಟೈಗರ್ ಆಯಿತು.

ಅಲ್ಲಿಂದ ನಮ್ಮ ಓಣಿಯಲ್ಲಿ ಹೇಳದೆಯೇ ಒಂದು ಕಾನೂನು ಬಂತು. ನಾಯಿಗೆ ಊರಿನ ಜನರ ಹೆಸರು ಬೇಡ. ಬೇರೆ ದೇಶದ್ದು ಇಡಿ. ಬೇರೆ ದೇಶದ ಹೆಸರಾದರೆ ಯಾರ ಅಜ್ಜನಿಗೂ ತಾಗುವುದಿಲ್ಲ. ನಮ್ಮ ನಾಯಿಗೆ ಬ್ರೂನೋ ಎಂದು ಇಟ್ಟದ್ದು ಹೀಗೆ. ಇಟ್ಟವನು ನಾನೇ.

ಇರಲಿ. ಅಕ್ಕನಿಗೆ ಹೆರಿಗೆ ಆಯಿತು. ಮಾರ್ಟಿನ್ ಎಂದು ಹೆಸರಿಟ್ಟರು. ಅಮ್ಮ ಎರಡು ಸಲ ಹೇಳಿ ನೋಡಿ “ಬಾಯಂಗ್ ಬತ್ತ್” ಎಂದಳು. ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ನಾಯಿ ಹೆಸರು ಇಡಲು ಹೊರಟಿದ್ದರು, ನಾನು ತಪ್ಪಿಸಿದೆ ಎಂದೆ. ನೆಂಟರ ಮದುವೆಯಲ್ಲಿ ಊಟಕ್ಕೆ ಕೂತಾಗ ಹೇಳಿದೆ. ಬೈಂದೂರಿನ ದೊಡ್ಡಪ್ಪನ ಮಗ ಸುರೇಶನಿಗೆ ಎರಡೆರಡು ಸಲ ಹೇಳಿದೆ. ಅವನು ಊರಿಗೆಲ್ಲ ಹೇಳಿದ. ಹೇಳಿದ ಕಡೆಯೆಲ್ಲ ಜನ ನಕ್ಕರು. ಒಂಬತ್ತನೇ ಕ್ಲಾಸಿಗೆ ಬಿಟ್ಟವನ ಮಾತಿಗೆ ಅಷ್ಟು ಜನ ನಗುವುದು ಸಣ್ಣ ಸಂಗತಿಯಲ್ಲ.

ಮಳೆ ಮುಗಿದ ಮೇಲೆ ಅಕ್ಕ, ಭಾವ, ಮಗು ಬಂದರು. ಸ್ಟೆಫಾನ್ ಭಾವ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಅಕ್ಕನಿಂದ ನಮ್ಮ ಭಾಷೆ ಸ್ವಲ್ಪ ಕಲಿತಿದ್ದರು. “ಎಂತ ಶೀನ, ಊಟ ಆಯ್ತಾ?” ಎಂದು ಬೆಳಿಗ್ಗೆ ಏಳಕ್ಕೆ ಕೇಳುತ್ತಿದ್ದರು. ಮೀನಿನ ಮುಳ್ಳು ತೆಗೆಯಲು ಬಾರದೆ ಒದ್ದಾಡುತ್ತಿದ್ದರು. ಅಮ್ಮ ತಾನೇ ಬಿಡಿಸಿ ತಟ್ಟೆಗೆ ಹಾಕುತ್ತಿದ್ದಳು, ಮಗುವಿಗೆ ಹಾಕಿದ ಹಾಗೆ.

ಎರಡನೇ ದಿನ ಜಗಲಿಯಲ್ಲಿ ಕೂತು ಭಾವ ಅಮ್ಮನಿಗೆ ಫೋನಿನಲ್ಲಿ ಫೋಟೋ ತೋರಿಸುತ್ತಿದ್ದರು. ಒಂದರಲ್ಲಿ ಒಬ್ಬ ಮುದುಕ. ಹೆಗಲ ಮೇಲೆ ಒಬ್ಬ ಹುಡುಗನನ್ನು ಕೂರಿಸಿಕೊಂಡಿದ್ದರು. “ಅಜ್ಜ” ಎಂದರು ಭಾವ. “ಇದ್ ನಾನ್.” ಅಪ್ಪ ಬಿಟ್ಟುಹೋದ ಮೇಲೆ ಈ ಅಜ್ಜನೇ ಸಾಕಿದ್ದಂತೆ. ಅಕ್ಕ ಹೇಳಿದಳು.

“ಹೆಸ್ರೆಂತ ಅಜ್ಜಂದ್?” ಎಂದು ಅಮ್ಮ ಕೇಳಿದಳು.

ಭಾವ ಒಮ್ಮೆ ಅಕ್ಕನನ್ನು ನೋಡಿದರು. ಒಮ್ಮೆ ನನ್ನನ್ನು ನೋಡಿದರು. “ಅಜ್ಜ” ಎಂದು ಮತ್ತೆ ಅಷ್ಟೇ ಹೇಳಿ ಮುಂದಿನ ಫೋಟೋ ತೆಗೆದರು. ಅಷ್ಟರಲ್ಲಿ ನಮ್ಮ ನಾಯಿ ಜಗಲಿ ಹತ್ತಲು ನೋಡಿತು. ಅಮ್ಮ “ಬ್ರೂನೋ, ಹೋಗ್ ಆಚಿ! ಹಡಿ ನಾಯಿ!” ಎಂದು ಹಿಡಿಸೂಡಿ ಎತ್ತಿದಳು.

ಅಕ್ಕ ಎದ್ದು ಒಳಗೆ ಹೋದಳು. ನಾನು ಹಿಂದೆ ಹೋದೆ. ಆಗಲೂ ನನಗೆ ಗೊತ್ತಾಗಿರಲಿಲ್ಲ. ನಿಜ ಹೇಳುತ್ತೇನೆ.

“ಎಂತ ಆಯ್ತ್ ಅಕ್ಕ?”

“ಎಂತ ಇಲ್ಲ.”

“ಹೇಳ್.”

“ಅದ್ ಅವ್ರ ಅಜ್ಜನ್ ಹೆಸ್ರ್ ಶೀನ.”

“ಯಾವ್ದ್?” ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

“ನೀ ನಗಾಡ್ದಲ, ಅದ್. ಅವತ್ತ್ ಅವ್ರ್ ಪಕ್ಕದಲ್ಲೇ ಕೂತಿದ್ರ್. ನನ್ ಫೋನೂ ಸ್ಪೀಕರಿಗೇ ಇತ್ತ್. ನಾಯಿ ಅಂದ್ರೆ ಎಂತ ಅಂದ್ಹೇಳಿ ಅವ್ರಿಗ್ ಗೊತ್ತಿತ್ತ್, ನಾನೇ ಕಲ್ಸಿದ್. ನೀವೆಲ್ಲ ನಗಾಡುದ್ ಕೇಂಡ್ರ್. ನಾನ್ ಹೇಳ್ದೆ, ಅಂವ ಮಳ್ಳ, ನಾವ್ ಇಟ್ಕಂಬ ಅಂದೆ. ಬ್ಯಾಡ ಅಂದ್ರ್. ಮಗು ಊರಿಗ್ ಹೋದ್ರೆ ಮಕ್ಳ್ ನಗಾಡ್ತೊ, ಬ್ಯಾಡ ಅಂದ್ರ್.”

“ನಂಗ್ ಮೊದ್ಲೇ ಹೇಳುಕಾತಿರ್ಲಿಲ್ಯಾ?”

“ಹೇಳುಕ್ ನೀ ಎಲ್ ಬಿಟ್ಟೆ?”

ಅಷ್ಟೇ ಹೇಳಿದಳು. ಬೈದಿದ್ದರೆ ಒಳ್ಳೆಯದಿತ್ತು.

ನಾನು ಯೋಚನೆ ಮಾಡುವವನಲ್ಲ. ಏನಾದರೂ ಆದರೆ ಕೈಯಲ್ಲಿ ಸರಿಮಾಡಲು ನೋಡುವವನು. ಹಾಗಾಗಿ ಮೊದಲು ನಾಯಿಯ ಹೆಸರು ಬದಲು ಮಾಡಲು ಹೊರಟೆ. ಅದಕ್ಕೆ ಏಳು ವರ್ಷ. ಬಂಗುಡೆ ತಲೆ ಹಿಡಿದುಕೊಂಡು ತೆಂಗಿನ ಬುಡದಲ್ಲಿ ಕೂತು “ಟೈಗರ್, ಟೈಗರ್” ಎಂದೆ. ಅದು ಹಿಂದೆ ತಿರುಗಿ ಯಾರು ಬಂದರು ಎಂದು ನೋಡಿತು. “ನೀನೇ ಟೈಗರ್” ಎಂದೆ. ಬಂಗುಡೆ ತಲೆ ತಿಂದು ಹೋಯಿತು. ಅಮ್ಮನಿಗೆ ಹೇಳಿದೆ, ಇನ್ನು ಮೇಲೆ ಆ ಹೆಸರಲ್ಲಿ ಕರೆಯಬೇಡ ಎಂದು.

“ಮತ್ತ್ ಎಂತ ಅಂದ್ಹೇಳಿ ಕರೂದ್?”

“ಟೈಗರ್ ಅನ್ನ್.”

“ಅದ್ ಗಿರಿಜನ್ ನಾಯಿ ಹೆಸ್ರಲ್ದಾ? ಸತ್ತ್ ಎಷ್ಟ್ ವರ್ಷ ಆಯ್ತ್. ಸತ್ತ ನಾಯಿ ಹೆಸ್ರ್ ಇಡುದಾ?”

ಏಕೆ ಎಂದು ಅಮ್ಮನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಜ್ಜಿಯ ಅಳು ಅಮ್ಮನೂ ನೋಡಿದವಳು. ಹತ್ತು ನಿಮಿಷ ಬಿಟ್ಟು ಅಂಗಳದಲ್ಲಿ ಮತ್ತೆ ಬ್ರೂನೋ ಬ್ರೂನೋ ಎಂದು ಕೇಳಿತು. ಭಾವ ಹಿತ್ತಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಪ್ರತಿ ಸಲ ಆ ಹೆಸರು ಕೂಗಿದಾಗ ಅವರ ತಲೆ ಸ್ವಲ್ಪ ಅಲುಗುತ್ತಿತ್ತು. ಅಥವಾ ನನಗೆ ಹಾಗೆ ಕಂಡಿತು.

ಸಂಜೆ ಭಾವನನ್ನು ಕರೆದುಕೊಂಡು ಕೋಡಿ ಕಡಲಿನ ಹತ್ತಿರ ಹೋದೆ. ಅಕ್ಕನನ್ನು ಬರಬೇಡ ಎಂದೆ. ನನ್ನ ಇಂಗ್ಲಿಷ್ ಎಷ್ಟು ಎಂದು ನಿಮಗೆ ಗೊತ್ತಾಗಲಿ ಎಂದು ಹಾಗೆಯೇ ಬರೆಯುತ್ತೇನೆ. “ಭಾವ, ಯುವರ್ ಗ್ರಾಂಡ್‌ಫಾದರ್ ನೇಮ್. ಐ ಲಾಫ್. ಐ ನಾಟ್ ನೋ. ಸಾರಿ” ಎಂದೆ.

“ಪರ್ವಾಗಿಲ್ಲ ಶೀನ” ಎಂದರು ಭಾವ. ಆಮೇಲೆ “ಯುವರ್ ಡಾಗ್ ಈಸ್ ಎ ಗುಡ್ ಡಾಗ್” ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಅದನ್ನು ಕೇಳಿ ನನಗೆ ಮರಳಲ್ಲಿ ಹೂತುಹೋಗಬೇಕು ಎನಿಸಿತು.

ಮರುದಿನ ನಮ್ಮ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು. ಜರ್ಮನಿಯಲ್ಲಿ ಕಾಗದದ ಹೆಸರು ಆಗಿದ್ದರೂ ನಮ್ಮ ಅಮ್ಮನಿಗೆ ತೊಟ್ಟಿಲು ಆಗಲೇಬೇಕು. ಸೋದರಮಾವ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಹೇಳಬೇಕು. ನಮ್ಮಲ್ಲಿ ಶಾಲೆಗೆ ಒಂದು ಹೆಸರು, ತೊಟ್ಟಿಲಿಗೆ ಒಂದು ಹೆಸರು ಇರುವುದು ಹೊಸತೇನಲ್ಲ. ನಾನು ಭಾವನಿಗೆ ಹೇಳಿದೆ: “ಟುಮಾರೋ ಐ ಟೆಲ್. ಬೇಬಿ ಇಯರ್. ಗ್ರಾಂಡ್‌ಫಾದರ್ ನೇಮ್. ಆಲ್ ಪೀಪಲ್ ಹಿಯರ್.”

ಅವರಿಗೆ ಅರ್ಥ ಆಯಿತು. ಫೋನ್ ತೆಗೆದು ಆ ಫೋಟೋ ಮತ್ತೆ ತೋರಿಸಿದರು. ಈ ಸಲ ಹೆಸರು ಹೇಳಿದರು. ಬ್ರೂನೋ. ನಾನು ಹೇಳುವ ಹಾಗೆ ಅಲ್ಲ, ಮೆಲ್ಲಗೆ, ಪಕ್ಕದಲ್ಲಿರುವವರನ್ನು ಕರೆದ ಹಾಗೆ. ಅದು ಮನುಷ್ಯರ ಹೆಸರು ಎಂದು ನನಗೆ ಕೇಳಿಸಿದ್ದು ಆಗಲೇ. ಮನೆಗೆ ಬರುವ ತನಕ ಅವರು ನನ್ನ ಹೆಗಲ ಮೇಲೆ ಕೈ ಹಾಕಿಕೊಂಡಿದ್ದರು.

ಮರುದಿನ ನೆಂಟರು ಬಂದರು. ಮಗುವಿಗೆ ಏಳು ತಿಂಗಳು. ತೊಟ್ಟಿಲಲ್ಲಿ ಮಲಗಲು ಒಪ್ಪಲಿಲ್ಲ, ಎದ್ದು ಕೂತು ಹಗ್ಗ ಎಳೆಯಿತು. ಎಲ್ಲರೂ ನಕ್ಕರು. ಚಿಕ್ಕಮ್ಮ ಅದನ್ನು ಹಿಡಿದುಕೊಂಡರು. ನಾನು ಮುಂಡು ಉಟ್ಟು ಬಂದೆ. ಭಾವ ಎದುರಿಗೆ ನಿಂತಿದ್ದರು, ಹೊಸ ಅಂಗಿ ಹಾಕಿಕೊಂಡು, ಕೈಯಲ್ಲಿ ಫೋನ್ ಹಿಡಿದುಕೊಂಡು. ವಿಡಿಯೋ ಮಾಡಲು ಎಂದುಕೊಂಡೆ. ಅಲ್ಲ. ಆ ಫೋಟೋ ತೆಗೆದು ಹಿಡಿದುಕೊಂಡಿದ್ದರು.

ನಾನು ಬಗ್ಗುವಾಗ ಹಿಂದಿನಿಂದ ಸುರೇಶ ಕೂಗಿದ: “ಹ್ವಾಯ್ ಶೀನ, ಹೆಸ್ರ್ ಹೇಳುಕ್ ಮುಂಚೆ ನಾಯಿನ್ ಕಟ್ಟಿ ಹಾಕ್ ಮಾರಾಯ. ಅದೂ ಓಡಿ ಬಂದ್ರೆ ಯಾರನ್ನ್ ತೊಟ್ಟಿಲಿಗ್ ಹಾಕುದ್?”

ಇಡೀ ಚಾವಡಿ ನಕ್ಕಿತು. ಅವನ ತಪ್ಪಲ್ಲ. ಆ ಜೋಕನ್ನು ಊರಿಗೆ ಹಂಚಿದವನು ನಾನು. ಅಲ್ಲಿದ್ದ ಒಬ್ಬೊಬ್ಬರಿಗೂ ನಾನೇ ಹೇಳಿದ್ದೆ. ಜೋರಾಗಿ ಆ ಹೆಸರು ಹೇಳಿದರೆ ಅವರು ಹೇಗೆ ನಗುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನೇ ಕಲಿಸಿದ ನಗು ಅದು.

ಮಗುವಿನ ಕಿವಿಗೆ ಬಾಯಿ ಇಟ್ಟೆ. ಬ್ರೂನೋ ಎಂದೆ. ಮೂರು ಸಲ ಹೇಳಿದೆ. ಸರಿಯಾಗಿ ಹೇಳಿದೆ, ಭಾವ ಹೇಳಿದ ಹಾಗೆ ಮೆಲ್ಲಗೆ. ಮಗು ನನ್ನ ಮೂಗು ಹಿಡಿಯಿತು.

“ಜೋರಾಗ್ ಹೇಳ್ ಮಾವ! ನಮ್ಗೂ ಕೇಂಬ್ಲಿ!” ಎಂದರು ಎಲ್ಲರೂ.

ಎದ್ದು ನಿಂತೆ. ಸುರೇಶ ನಗಲು ತಯಾರಾಗಿ ನಿಂತಿದ್ದ. ಅಮ್ಮ ಕಾಯುತ್ತಿದ್ದಳು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಭಾವ ರಾತ್ರಿಯೇ ಹೇಳಿರಬೇಕು.

“ಮಾರ್ಟಿನ್” ಎಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವ ಫೋನನ್ನು ಕಿಸೆಗೆ ಹಾಕಿದರು. ಕೈ ಖಾಲಿಯಾದ ಮೇಲೆ ಅವರೂ ಚಪ್ಪಾಳೆ ತಟ್ಟಿದರು.

ಊಟಕ್ಕೆ ಪಾಯಸ ಬಡಿಸಿದ್ದು ನಾನೇ. ಭಾವನ ಎಲೆಗೆ ಬಂದಾಗ “ಸಾಕ್ ಶೀನ” ಎಂದರು, ನಗುತ್ತಲೇ. ಅಕ್ಕ ಊರಿಂದ ಹೊರಡುವ ತನಕ ನನ್ನ ಹತ್ತಿರ ಮಾತಾಡಿದಳು, ಬಿಡಲಿಲ್ಲ. ಬಟ್ಟೆ ಒಣಗಿತಾ, ರೈಲು ಎಷ್ಟು ಹೊತ್ತಿಗೆ, ಇಂಥ ಮಾತು. ಸ್ಟೇಷನ್ನಿನಲ್ಲಿ ಭಾವ ಕೈ ಕುಲುಕಿದರು. ನಾನು ಕಿವಿಯಲ್ಲಿ ಹೇಳಿದ್ದೇನೆ ಭಾವ, ಮೂರು ಸಲ ಹೇಳಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಅದಕ್ಕೆ ಬೇಕಾದಷ್ಟು ಇಂಗ್ಲಿಷ್ ನನ್ನ ಹತ್ತಿರ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕಿವಿಯಲ್ಲಿ ಹೇಳಿ, ಜನರ ಎದುರು ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರೆ? ಕೇಳುತ್ತಿರಲಿಲ್ಲ ಅವರು, ಮತ್ತೆ ಪರ್ವಾಗಿಲ್ಲ ಎನ್ನುತ್ತಿದ್ದರು. ಅದಕ್ಕೇ ಹೇಳಲಾಗಲಿಲ್ಲ. ಬ್ಯಾಗ್ ಎತ್ತಿ ರೈಲಿಗೆ ಇಟ್ಟೆ.

ಯಾರಿಗೂ ಕೇಳದ ಹಾಗೆ ಹೇಳಿದ್ದು ಹೆಸರಿಟ್ಟ ಹಾಗಲ್ಲ. ಅಷ್ಟು ನನಗೂ ಗೊತ್ತು. ಇನ್ನು ನನ್ನ ಹತ್ತಿರ ಹೇಳಲು ಏನೂ ಇಲ್ಲ.